ಪೆಡಲ್ ಇಲ್ಲದ ವಿಮಾನ, ಸುಮ್ಮನಿರದ ಕಾಲು

ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ, ಕೆಲವರಿಗೆ ಕೈ. ನನಗೆ ಕಾಲು. ಅದು ತಂದಿಡುವ ಅವಾಂತರ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ತಪ್ಪು ನನ್ನದಲ್ಲ, ಕೆಲಸದ್ದು. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಕಲಿಯುವವರ ಕಾಲಿಗೊಂದು ಬ್ರೇಕು, ಪಕ್ಕದಲ್ಲಿ ಕೂರುವ ನನ್ನ ಕಾಲಿಗೊಂದು ಬ್ರೇಕು. ಎದುರಿಗೆ ಹಸು ಬರಲಿ, ಆಟೋ ಬರಲಿ, ತಲೆಗೆ ಹೊಳೆಯುವ ಮೊದಲೇ ಕಾಲು ತುಳಿದಿರುತ್ತದೆ. ವರ್ಷಗಟ್ಟಲೆ ಹೀಗೆ ತುಳಿದ ಕಾಲಿಗೆ ಡ್ಯೂಟಿ ಮುಗಿಯಿತೆಂದು ಹೇಳುವವರು ಯಾರು?

ಸಿಟಿ ಬಸ್ಸಿನಲ್ಲಿ

ಒಮ್ಮೆ ಮೇಟಗಳ್ಳಿ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಸಿಕ್ಕಿತ್ತು. ಸ್ಕೂಟರೊಂದು ಅಡ್ಡ ನುಗ್ಗಿತು. ಡ್ರೈವರೂ ತುಳಿದ, ನಾನೂ ತುಳಿದೆ. ನಾನು ತುಳಿದದ್ದು ಪಕ್ಕದಲ್ಲಿ ನಿಂತಿದ್ದವನ ಪಾದ.

"ಏನ್ರೀ ಇದು, ಕಾಲು ತುಳೀತೀರಲ್ಲ!"

"ಕ್ಷಮಿಸಿ, ಬ್ರೇಕ್ ಹಾಕಿದೆ."

ಆತ ಡ್ರೈವರನ್ನು ನೋಡಿದ, ನನ್ನನ್ನು ನೋಡಿದ. "ಅಂಗಾದ್ರೆ ಅವರ್ನ ಯಾಕ್ರೀ ಅಲ್ಲಿ ಕೂರ್ಸವ್ರೆ?"

ಮನೆಯಲ್ಲಿ ವಿಮಾನ

ಇಂಥ ಕಾಲಿನವನಿಗೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಹಿಡಿಯಿತು. ವಿಮಾನದ ಮೂಗನ್ನು ಎಡಕ್ಕೋ ಬಲಕ್ಕೋ ತಿರುಗಿಸಲು ಬಾಲದಲ್ಲಿ ರಡ್ಡರ್ ಎಂಬ ಹಲಗೆಯಿದೆ. ನಿಜವಾದ ಪೈಲಟ್ ಅದನ್ನು ಎರಡು ಪೆಡಲ್ ತುಳಿದು ಆಡಿಸುತ್ತಾನೆ. ನನ್ನಲ್ಲಿ ಪೆಡಲ್ ಇಲ್ಲ. ಕೀಬೋರ್ಡಿನ ಎರಡು ಕೀಗಳನ್ನು ಬೆರಳಿನಿಂದ ಒತ್ತಬೇಕು. ಈ ಅವಮಾನ ಕಾಲಿಗೆ ಸಹಿಸಲಾಗಲಿಲ್ಲ. ನಮ್ಮೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಮೇಲೆ ಅಡ್ಡಗಾಳಿಗೆ ವಿಮಾನ ಎಡಕ್ಕೆ ಎಳೆದರೆ ಬೆರಳು ಮೆತ್ತಗೆ ಕೀ ಒತ್ತುತ್ತಿತ್ತು, ಬಲಗಾಲು ಧಡ್ ಎಂದು ನೆಲ ಗುದ್ದುತ್ತಿತ್ತು.

ಕೆಳಗಿನ ಮನೆಯಲ್ಲಿ ಓನರ್ರು, ರಿಟೈರಾದ ಹೆಡ್‌ಮೇಷ್ಟ್ರು. ಒಂದು ಸಂಜೆ ಮೇಲೆ ಬಂದೇಬಿಟ್ಟರು. "ನಮ್ಮನೆಯವ್ರಿಗೆ ತಲೆನೋವು ಶುರುವಾಗಿದೆ. ಇನ್ನೊಂದ್ಸಲ ಸದ್ದು ಬಂದ್ರೆ ಮನೆ ಖಾಲಿ ಮಾಡ್ಬೇಕಾಗುತ್ತೆ, ನೋಡಿ."

ಸರಸ್ವತಿಪುರಂನಲ್ಲಿ, ಹೆಂಡತಿ ಪಾಠ ಹೇಳುವ ಶಾಲೆಗೆ ನಡೆದೇ ಹೋಗುವಷ್ಟು ಹತ್ತಿರ, ಎರಡು ಹೊತ್ತೂ ನೀರು ಬರುವ ಮನೆ. ಬಿಟ್ಟರೆ ಇನ್ನೊಂದು ಸಿಗುವುದಿಲ್ಲ. ಮೇಷ್ಟ್ರು ಹೋದಮೇಲೆ ಹೆಂಡತಿ ಕೇಳಿದಳು, "ಅಲ್ರೀ, ವಿಮಾನದಿಂದ ಬಿದ್ದು ಮನೆ ಕಳ್ಕೊಂಡೋರು ಯಾರಾದ್ರೂ ಇದ್ದಾರಾ? ಅದೂ ಕುರ್ಚಿ ಮೇಲೆ ಕೂತು?"

ಗೋಕುಲಂ ರಸ್ತೆಯಲ್ಲಿ

ಮನೆಯಲ್ಲಿ ಬಿಗಿಹಿಡಿದ ಕಾಲು ಕೆಲಸದಲ್ಲಿ ಸೇಡು ತೀರಿಸಿಕೊಂಡಿತು. ಗೋಕುಲಂನಲ್ಲಿ ಹೊಸದಾಗಿ ಕಲಿಯಲು ಬಂದ ಹೆಣ್ಣುಮಗಳೊಬ್ಬಳು ಕಾರನ್ನು ಸ್ವಲ್ಪ ಎಡಕ್ಕೆ ಬಿಟ್ಟಳು. ಕಾರಿನ ಮೂಗು ಬಲಕ್ಕೆ ಬರಲೆಂದು ನಾನು ಬಲಗಾಲಲ್ಲಿ ತುಳಿದೆ. ಬಂದದ್ದು ಬ್ರೇಕು. ಕಾರು ನಡುರಸ್ತೆಯಲ್ಲಿ ನಿಂತಿತು. ಹಿಂದೆ ಸ್ಕೂಟರಿನಲ್ಲಿದ್ದ, ಆ ಬಡಾವಣೆಗೆ ಯೋಗ ಕಲಿಯಲು ಬರುವ ವಿದೇಶಿಯರಲ್ಲೊಬ್ಬಳು ಕಾಲೂರಿ ನಿಂತು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡಳು.

ಹುಡುಗಿಗೆ ಅಳು ಬರುವಂತಾಗಿತ್ತು. "ಸಾರ್, ನಾನೇನು ತಪ್ಪು ಮಾಡ್ದೆ?"

"ಏನಿಲ್ಲ ಕಣಮ್ಮ," ಎಂದೆ. "ಅಡ್ಡಗಾಳಿ ಇತ್ತು."

ಅಕ್ಷರ ತುಳಿದ ಪಾಪ

ಕಾಲಿಗೊಂದು ಕೆಲಸ ಕೊಟ್ಟರೆ ಸದ್ದು ನಿಂತೀತೆಂದು ಹಳೆಯ ಕೀಬೋರ್ಡೊಂದನ್ನು ನೆಲಕ್ಕಿಟ್ಟು ಕಂಪ್ಯೂಟರಿಗೆ ಸಿಕ್ಕಿಸಿದೆ. ಒಂದು ಕೀಗೆ ಎಡಗಾಲಿನ ಹೆಬ್ಬೆರಳು, ಇನ್ನೊಂದಕ್ಕೆ ಬಲಗಾಲಿನದು. ಆಹಾ, ಕಾಲು ತೆಪ್ಪಗಾಯಿತು! ವಿಮಾನ ನೆಟ್ಟಗೆ ಓಡಿತು. ಕೆಳಗಿನ ಮನೆಯಲ್ಲೂ ಶಾಂತಿ.

ಆಗ ಊರಿಂದ ಅತ್ತೆ ಬಂದರು. "ಅಯ್ಯೋ ಶಿವನೇ! ಅಕ್ಷರ ಇರೋದನ್ನ ತುಳಿಯೋದಾ? ಸರಸ್ವತಿ ಕಣಪ್ಪ ಅದು! ಮುಟ್ಟಿ ಕಣ್ಣಿಗೊತ್ಕೊ!"

ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡೇ ಬೆಳೆದವನು ನಾನು. ಬಗ್ಗಿ ಒತ್ತಿಕೊಂಡೆ. ಏಳುವಷ್ಟರಲ್ಲಿ ವಿಮಾನ ವಾಲಿತ್ತು. ಸರಿಮಾಡಲು ತುಳಿದೆ. ತುಳಿದದ್ದಕ್ಕೆ ಮತ್ತೆ ಬಗ್ಗಿದೆ. ತುಳಿಯುವುದು, ಬಗ್ಗುವುದು, ತುಳಿಯುವುದು, ಬಗ್ಗುವುದು. ಕೊನೆಯ ಸಲ ತಲೆಯೆತ್ತಿದಾಗ ವಿಮಾನ ಹೊಲದಲ್ಲಿ ಮಗುಚಿ ಬಿದ್ದಿತ್ತು.

ಅತ್ತೆ ಪರದೆ ನೋಡಿ ತಲೆಯಾಡಿಸಿದರು. "ನೋಡ್ದಾ? ಆಯಮ್ಮ ಸುಮ್ನೆ ಬುಡ್ತಾಳಾ?"

ಕೀಬೋರ್ಡನ್ನು ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟೇ ಅವರು ಊರಿಗೆ ಹೊರಟದ್ದು.

ಮೇಷ್ಟ್ರು ಮೇಲೆ ಬಂದರು

ಮುಂದಿನ ಭಾನುವಾರ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಕಾಲು ನೆಲ ಮುಟ್ಟಿದರೆ ತಾನೇ ಸದ್ದು? ಇಳಿಯುವ ಹೊತ್ತಿಗೆ ಅಡ್ಡಗಾಳಿ ಎದ್ದಿತು. ಬಲಗಾಲು ಯಾವಾಗ ಬಿಡಿಸಿಕೊಂಡಿತೋ ಗೊತ್ತಿಲ್ಲ. ಧಡ್!

ಮೇಷ್ಟ್ರು ಬಾಗಿಲಲ್ಲಿದ್ದರು. "ಮಾತು ಮುಗೀತು. ಮನೆ ಖಾಲಿ ಮಾಡಿ."

ಹೆಂಡತಿ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. "ಸಾರ್, ಬೇಕು ಅಂತ ತುಳಿಯಲ್ಲ," ಎಂದು ಕೈಮುಗಿದೆ. "ಒಂದೇ ಒಂದ್ಸಲ ನೀವೇ ಈ ವಿಮಾನ ಇಳಿಸಿ ನೋಡಿ. ಆಮೇಲೆ ನೀವು ಹೇಳಿದ ಹಾಗೆ."

"ನಾನು ಸಮಾಧಾನದ ಮನುಷ್ಯ ಕಣ್ರೀ, ನಿಮ್ಮ ಹಾಗಲ್ಲ," ಎನ್ನುತ್ತಾ ಕೂತರು. ವಿಮಾನವನ್ನು ಮತ್ತೆ ಮೇಲೇರಿಸಿ ರನ್‌ವೇಗೆ ಎದುರು ಮಾಡಿಕೊಟ್ಟೆ. ಗಾಳಿ ಎಡಕ್ಕೆ ತಳ್ಳಿತು. ಮೇಷ್ಟ್ರು ಕೀ ಒತ್ತಿದರು. ಸಾಲಲಿಲ್ಲ. ಕನ್ನಡಕ ಜಾರಿತು. ಧಡ್! ವಿಮಾನ ಬಲಕ್ಕೆ ಹೋಯಿತು. ಧಡ್! ಮತ್ತೆ ಎಡಕ್ಕೆ. ಧಡ್, ಧಡ್, ಧಡ್! ಮೇಷ್ಟ್ರ ಎರಡೂ ಕಾಲು!

ಅವರ ಫೋನು ಹೊಡೆದುಕೊಂಡಿತು. ಅವರ ಕೈಗೆ ಬಿಡುವಿಲ್ಲದ್ದರಿಂದ ನಾನೇ ಅದನ್ನು ಅವರ ಕಿವಿಗೆ ಹಿಡಿದೆ. ಕೆಳಗಿನಿಂದ ಅವರ ಹೆಂಡತಿಯ ದನಿ ನಮಗೆಲ್ಲ ಕೇಳಿಸಿತು. "ರೀ, ಇನ್ನೂ ಹೇಳಿಲ್ವಾ ಅವ್ರಿಗೆ? ನೀವು ಹೋದ್ಮೇಲೆ ಇನ್ನೂ ಜಾಸ್ತಿ ತುಳೀತಿದ್ದಾರಲ್ಲ! ಈಗಿಂದೀಗ್ಲೇ ಖಾಲಿ ಮಾಡ್ಬೇಕು ಅನ್ನಿ!"

ಮೇಷ್ಟ್ರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇರೇ ಸ್ವಲ್ಪ! ಅವ್ರನ್ನ ಆಮೇಲೆ ಕಳಿಸೋಣ. ನಾನೇ ಇನ್ನೂ ಆಕಾಶದಲ್ಲಿದ್ದೀನಿ!"