ತುಟಿಯ ಮೇಲಿನ ಇಂಗ್ಲಿಷು

ನಲವತ್ತು ದಾಟಿದ ಗಂಡಸಿಗೆ ಏನಾದರೊಂದು ಅಂಟಿಕೊಂಡೇ ತೀರುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ರಾಜಕಾರಣ, ಇನ್ನು ಕೆಲವರಿಗೆ ಬೆಳಗ್ಗೆ ಬಿಸಿನೀರಿಗೆ ಲಿಂಬೆಹಣ್ಣು ಹಿಂಡಿಕೊಂಡು ಕುಡಿದು ಅದನ್ನು ಊರಿಗೆಲ್ಲ ಹೇಳುವ ಚಟ. ನನಗೆ ಅಂಟಿದ್ದು ಇಂಗ್ಲಿಷ್ ಪದಗಳು. ಬಸ್ಸು, ಟಿಕೆಟ್ಟು, ಟೆನ್ಶನ್ನಿನಂಥ ನಮ್ಮವೇ ಆಗಿಹೋದ ಪದಗಳಲ್ಲ. ಇಂಗ್ಲಿಷರು ಕೂಡ ಹಬ್ಬ ಹುಣ್ಣಿಮೆಗೆ ಮಾತ್ರ ಪೆಟ್ಟಿಗೆಯಿಂದ ಹೊರಗೆ ತೆಗೆಯುವಂಥವು. ಜ್ಞಾನದ ಹಸಿವಿನಿಂದ ಇದಕ್ಕೆ ಕೈಹಾಕಿದೆ ಎಂದು ಹೇಳಿಕೊಳ್ಳಬಹುದಿತ್ತು. ನಿಮ್ಮ ಹತ್ತಿರ ಸುಳ್ಳೇಕೆ, ಹೆದರಿಕೆಯಿಂದ ಕೈಹಾಕಿದೆ.

ಜಮಖಂಡಿಯ ಒಂದು ಕಾಲೇಜಿನಲ್ಲಿ ನಾನು ಹದಿನೇಳು ವರ್ಷಗಳಿಂದ ಇತಿಹಾಸದ ಅತಿಥಿ ಉಪನ್ಯಾಸಕ. ಹದಿನೇಳು ವರ್ಷ ಇದ್ದರೂ ಅತಿಥಿ ಎನಿಸಿಕೊಳ್ಳುವ ಭಾಗ್ಯ ನಮ್ಮ ಕಡೆ ಅಳಿಯಂದಿರಿಗೂ ಇಲ್ಲ. ಹೋದ ವರ್ಷ ಪ್ರಾಚಾರ್ಯರು ಕೋಣೆಗೆ ಕರೆದು, ಚಹಾ ತರಿಸಿ, ಬಹಳ ಮೆತ್ತಗೆ ಹೇಳಿದರು: "ಸರ್, ಪಿಎಚ್.ಡಿ. ಇಲ್ಲದವರ ಹೆಸರು ಮುಂದಿನ ವರ್ಷ ಪಟ್ಟಿಯೊಳಗ ಹಾಕಾಕ ಬರೂದಿಲ್ರಿ. ಕಡೀಕ ರಜಿಸ್ಟರ್ ಆದ್ರೂ ಆಗ್ರಿ, ನಾ ಹೆಂಗರ ಮಾಡಿ ನಡಸ್ತೇನಿ." ರಜಿಸ್ಟರ್ ಆಗಬೇಕೆಂದರೆ ಪ್ರವೇಶ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಅರ್ಧ ಇತಿಹಾಸ, ಅರ್ಧ ಇಂಗ್ಲಿಷು. ಇತಿಹಾಸ ನನ್ನ ಮನೆಯ ಹಿತ್ತಲು. ಇಂಗ್ಲಿಷಿನದು ಬೇರೆ ಕಥೆ. ದೊಡ್ಡ ದೊಡ್ಡ ವಿದ್ವಾಂಸರ ಗ್ರಂಥಗಳಿಂದ ಎತ್ತಿದ ಉದ್ದದ ಪ್ಯಾರಾಗಳು, ಅವುಗಳ ಕೆಳಗೆ ಪದಗಳು, ಪ್ರತಿ ಪದಕ್ಕೂ ನಾಲ್ಕು ಅರ್ಥ. ಹಳೆಯ ಪತ್ರಿಕೆಯೊಂದನ್ನು ತೆರೆದು ನೋಡಿದೆ. 'ದಿ' ಮತ್ತು 'ಆಫ್' ಬಿಟ್ಟರೆ ಗುರುತಿನವರು ಯಾರೂ ಇರಲಿಲ್ಲ.

ಮುಧೋಳದ ಅಂಗಡಿಯೊಂದರಿಂದ ಇಟ್ಟಿಗೆಯಂಥ ಒಂದು ಪದಗಳ ಪುಸ್ತಕ ತಂದೆ. ಕಲಿತ ಪದವನ್ನು ದಿನಕ್ಕೆ ಮೂರು ಸಲವಾದರೂ ಮಾತಿನಲ್ಲಿ ಬಳಸಬೇಕು ಎಂದು ಅದರ ಮುನ್ನುಡಿಯಲ್ಲಿ ಅಪ್ಪಣೆಯಾಗಿತ್ತು. ಸರಿ, ಜಮಖಂಡಿ ಬಸ್ಸಿನಲ್ಲಿ ಶುರುಮಾಡಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಆಮೆಯಂತೆ ಹೋಗುತ್ತಿದ್ದಾಗ, ಎಲ್ಲೆಲ್ಲೂ ಇರುವಂಥದ್ದು ಎಂಬ ಅರ್ಥದಲ್ಲಿ, "ಈ ಟ್ರ್ಯಾಕ್ಟರ್ ಭಾಳ ಯುಬಿಕ್ವಿಟಸ್ ಆಗ್ಯಾವ ನೋಡ್ರಿ" ಎಂದು ಕಂಡಕ್ಟರಿಗೆ ಹೇಳಿದೆ. ಆತ ಕಿಟಕಿಯಿಂದ ಬಗ್ಗಿ ನೋಡಿ, "ಹೊಸಾ ಕಂಪನಿದೇನ್ರಿ? ಡೀಸಲ್ ಎಷ್ಟ್ ತಿಂತೈತಿ?" ಎಂದು ಕೇಳಿದ. ಅಂದಿಗೆ ಆ ಮುನ್ನುಡಿಯನ್ನು ಕೈಬಿಟ್ಟು ನಮ್ಮ ಮನೆತನದ ದಾರಿಗೆ ಬಂದೆ.

ನಮ್ಮ ಮನೆತನದ ದಾರಿಯೆಂದರೆ ಬಾಯಿಪಾಠ, ಅದೂ ಮಗ್ಗದ ಮುಂದೆ ಕೂತು. ನಾವು ಬನಹಟ್ಟಿಯವರು. ಮನೆಯ ಪಡಸಾಲೆಯಲ್ಲೇ ಎರಡು ಪಾವರ್‌ಲೂಮ್ ಇವೆ. ನನ್ನ ಹೆಂಡತಿ ಸುವರ್ಣಾ ಅವುಗಳನ್ನು ನಡೆಸುತ್ತಾಳೆ. ನಿಜ ಹೇಳಬೇಕೆಂದರೆ ಮನೆ ನಡೆಯುವುದೂ ಅವುಗಳಿಂದಲೇ. ಮಗ್ಗ ಹೊಡೆಯುವಾಗ ಅಲ್ಲಿ ಗುಡುಗಿದರೂ ಕೇಳಿಸುವುದಿಲ್ಲ. ಹಾಗಾಗಿ ನೇಕಾರರ ಮನೆಯ ಮಕ್ಕಳು ತುಟಿ ನೋಡಿ ಮಾತು ಹಿಡಿಯುವುದನ್ನು ಅಂಬೆಗಾಲಿಡುವಾಗಲೇ ಕಲಿತಿರುತ್ತಾರೆ. ಊಟಕ್ಕೆ ಕರೆಯುವುದು, ಜಗಳ ಆಡುವುದು, ಬೀಗರ ಮೇಲೆ ಚಾಡಿ ಹೇಳುವುದು ಎಲ್ಲವೂ ಆ ತುದಿಯಿಂದ ಈ ತುದಿಗೆ ಸದ್ದಿಲ್ಲದೆ ನಡೆಯುತ್ತದೆ. ಇನ್ನೊಂದು ಅಭ್ಯಾಸ ನನಗೆ ಅಪ್ಪನಿಂದ ಬಂದದ್ದು. ಎಳೆ ಎಣಿಸುವಾಗ ಅಂಕಿಯನ್ನು ಎರಡು ಸಲ ಬಾಯಲ್ಲಿ ಅಂದೇ ಮುಂದಕ್ಕೆ ಹೋಗಬೇಕು, ಮನಸ್ಸಿನಲ್ಲೇ ಎಣಿಸಿದವನ ಸೀರೆ ಸೊಟ್ಟ ಎನ್ನುತ್ತಿದ್ದ ಅಪ್ಪ. ಸೀರೆ ನೇಯುವುದನ್ನು ನಾನು ಬಿಟ್ಟೆ, ಎರಡು ಸಲ ಅನ್ನುವುದನ್ನು ಬಿಡಲಿಲ್ಲ.

ಹೀಗೆ ದಿನಕ್ಕೆ ಇಪ್ಪತ್ತು ಪದ, ಮುಂದೆ ಅದರ ಕನ್ನಡ ಅರ್ಥ. ಒಂದು ದಿನ ಸುವರ್ಣಾ ಎರಡೂ ಮಗ್ಗ ನಿಲ್ಲಿಸಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಅಲ್ರಿ, ತಾಸಿನಿಂದ ನೋಡಾಕತ್ತೇನಿ. ಹಟಮಾರಿ ಅಂದ್ರಿ, ಜಿಪುಣ ಅಂದ್ರಿ, ಈಗ ಕಪಟಿ ಅಂದ್ರಿ. ಯಾರಿಗಿ ಅನ್ನಾಕತ್ತೀರಿ?"

"ನಿನಗಲ್ಲ, ಪುಸ್ತಕದಾಗ ಬರದೈತಿ."

"ಹಂಗಾದ್ರ ಪುಸ್ತಕದ ಕಡೆ ನೋಡಿ ಅನ್ರಿ. ನನ್ನ ಮುಖ ಯಾಕ ನೋಡ್ತೀರಿ?"

ಬಾಯಿಪಾಠ ಮಾಡುವವನು ಎಲ್ಲಾದರೂ ನೋಡಲೇಬೇಕಲ್ಲ, ಎದುರಿಗೆ ಅವಳಿದ್ದಳು. ಪುಸ್ತಕ ತೋರಿಸಿದೆ. ಅವಳು ಹಾಳೆ ಮಗುಚಿ, ನಾನು ಬರೆದಿಟ್ಟಿದ್ದ ಕನ್ನಡ ಅರ್ಥಗಳನ್ನೆಲ್ಲ ಓದಿ, "ಇಂಗ್ಲಿಷಿನ್ಯಾಗ ಛಲೋ ಮಂದಿಗೆ ಪದಾನ ಇಲ್ಲೇನ್ರಿ?" ಎಂದು ಕೇಳಿ ಮಗ್ಗ ಚಾಲೂ ಮಾಡಿದಳು. 

ಪರೀಕ್ಷೆ ಜಮಖಂಡಿಯಲ್ಲೇ ಇತ್ತು. ಕೋಣೆಯ ತುಂಬ ರಬಕವಿ, ಬನಹಟ್ಟಿಯ ಕಡೆಯವರೇ. ಮೊದಲ ಬೆಂಚಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಸವಿತಾ, ರಬಕವಿಯ ನೇಕಾರರ ಮಗಳು. ಎದ್ದು ನಮಸ್ಕಾರ ಮಾಡಿ, "ಸರ್, ನೀವೂ ಬರಿಯಾಕ ಬಂದೀರೇನ್ರಿ?" ಎಂದು ಕೇಳಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಹೌದವಾ, ಪೇಪರ್ ಹೆಂಗ ತೆಗೀತಾರ ನೋಡೂನು ಅಂತ ಬಂದೆ" ಎಂದೆ. ಅವಳಿಗೆ ಕಲಿಸಿದ ಐದಾರು ಸುಳ್ಳುಗಳ ಜೊತೆ ಇದೂ ಒಂದು ಸೇರಿತು.

ಪತ್ರಿಕೆ ಕೊಟ್ಟರು. ಕೋಣೆ ಗಪ್ಪಾಯಿತು. ನನಗೆ ಒಂದು ಪದವೂ ನೆನಪಿಗೆ ಬರಲಿಲ್ಲ. ಮಗ್ಗದ ಸದ್ದಿನಲ್ಲಿ ಕಲಿತ ಪದಗಳಿಗೆ ಈ ಮೌನ ಪರಸ್ಥಳವಾಗಿತ್ತು. ಗಾಬರಿಯಾಗಿ ಗೊಣಗತೊಡಗಿದೆ. ಕೊಠಡಿ ಮೇಲ್ವಿಚಾರಕರು ದಾವಣಗೆರೆ ಕಡೆಯ ಹುಡುಗ, ಸಂಭಾವಿತ. ಹತ್ತಿರ ಬಂದು, "ಸಾರ್, ತುಂಬಾ ಸೌಂಡ್ ಬರ್ತಿದೆ, ಬೇರೆಯವರಿಗೆ ತೊಂದರೆ ಆಗುತ್ತೆ" ಎಂದು ನನ್ನನ್ನು ಎಬ್ಬಿಸಿ ತಮ್ಮ ಮೇಜಿನ ಪಕ್ಕದಲ್ಲಿ, ಇಡೀ ಕೋಣೆಗೆ ಮುಖ ಮಾಡಿ ಕೂರಿಸಿದರು. ಅವಮಾನದಿಂದ ದನಿ ಪೂರ್ತಿ ಅಡಗಿತು. ತುಟಿ ಮಾತ್ರ ಉಳಿಯಿತು. ಏನು ಆಶ್ಚರ್ಯ ನೋಡಿ, ಮನೆಯಲ್ಲಿ ಕೂತಂತೆ ಪದಗಳು ಒಂದೊಂದಾಗಿ ಬರತೊಡಗಿದವು. ಪ್ರಶ್ನೆಯ ಅಂಕಿ, ಉತ್ತರದ ಅಕ್ಷರ, ಅಪ್ಪ ಕಲಿಸಿದಂತೆ ಎರಡೆರಡು ಸಲ ತುಟಿಯಲ್ಲಿ ಅಂದು, ಆಮೇಲೆ ಪೆನ್ನಿನಿಂದ ವೃತ್ತ ತುಂಬಿಸುತ್ತ ಹೋದೆ.

ನಡುವೆ ತಲೆಯೆತ್ತಿದರೆ ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು. ಈ ವಯಸ್ಸಿನಲ್ಲೂ ಎಂಥ ಛಲ ಎಂದು ಮೆಚ್ಚುತ್ತಿದ್ದಾರೆ ಅಂದುಕೊಂಡೆ. ಹದಿನೇಳು ವರ್ಷದಲ್ಲಿ ಯಾವ ತರಗತಿಯೂ ನನ್ನ ಮುಖವನ್ನು ಹಾಗೆ ನೋಡಿರಲಿಲ್ಲ. ಬೆನ್ನು ನೆಟ್ಟಗಾಯಿತು. ಇಪ್ಪತ್ತೇಳನೆಯ ಪದ 'ಟ್ಯಾಸಿಟರ್ನ್'. ಗೊತ್ತಿದ್ದ ಪದವೇ. ಬಿ, ಬಾಯಿಬಡುಕ. ಎರಡು ಸಲ ಅಂದೆ, ತುಂಬಿದೆ. ಸವಿತಾಳ ತುಟಿಗಳು ಅಲುಗುತ್ತಿದ್ದವು. ಪಾಪ, ಹೆದರಿ ದೇವರ ಹೆಸರು ಹೇಳಿಕೊಳ್ಳುತ್ತಿದೆ ಕೂಸು ಎಂದು ಮರುಗಿ, ನಕ್ಕು, ಕೈಯೆತ್ತಿ ಆಶೀರ್ವಾದ ಮಾಡಿ ಇಪ್ಪತ್ತೆಂಟಕ್ಕೆ ಹೋದೆ.

ಹೊರಗೆ ಬಂದಾಗ ಗುರುತಿಲ್ಲದ ಒಬ್ಬ ತರುಣ ನನ್ನ ಎರಡೂ ಕೈ ಹಿಡಿದುಕೊಂಡ. "ಭಾಳ ಉಪಕಾರ ಆತ್ರಿ ಸರ್. ಬರೇ ಹನ್ನೆರಡನೇದೊಂದು ತಪ್ಪಿತು. ಸ್ವಲ್ಪ ಸಾವಕಾಶ ಅಂದಿದ್ರ ಅದೂ ಸಿಗತಿತ್ತು." ಆಗ ನನಗೆ ಎಲ್ಲ ತಿಳಿಯಿತು: ಕೋಣೆಯ ತುಂಬ ಇದ್ದ ನೇಕಾರರ ಮಕ್ಕಳು ನೋಡಿದ್ದು ನನ್ನ ಛಲವನ್ನಲ್ಲ, ತುಟಿಯನ್ನು. ದೂರು ಕೊಡೋಣವೆಂದರೆ ಕಳ್ಳರನ್ನು ತೋರಿಸುವ ಮೊದಲು ಬಾಗಿಲು ತೆಗೆದಿಟ್ಟವನು ಯಾರು ಎಂದು ಹೇಳಬೇಕಾಗುತ್ತಿತ್ತು.

ಫಲಿತಾಂಶ ಬಂತು. ಇತಿಹಾಸಕ್ಕೆ ಇದ್ದ ಸೀಟುಗಳಲ್ಲಿ ಕೊನೆಯದು ಸವಿತಾಳಿಗೆ ಸಿಕ್ಕಿತ್ತು. ಅವಳ ಕೆಳಗೆ, ಇತಿಹಾಸದಲ್ಲಿ ಸಮಸಮವಾಗಿ, ಇಂಗ್ಲಿಷಿನಲ್ಲಿ ಒಂದೇ ಒಂದು ಅಂಕ ಕಡಿಮೆಯಾಗಿ, ಪಟ್ಟಿಯ ಹೊರಗೆ ನನ್ನ ಹೆಸರು. ಶಿಷ್ಯರಿಂದ ಸೋಲುವುದೇ ಗುರುವಿನ ಹಿರಿಮೆ ಎನ್ನುತ್ತಾರೆ. ಹಾಗೆನ್ನುವವರಿಗೆ ಕಾಯಂ ನೌಕರಿ ಇರುತ್ತದೆ. ನನಗೆ ಹೊಟ್ಟೆ ಉರಿಯಿತು. ಕಾಲೇಜಿನ ಅತಿಥಿ ಉಪನ್ಯಾಸಕರ ಪಟ್ಟಿ ತಯಾರಾಗುವುದರೊಳಗೆ ಇನ್ನೊಂದು ಪರೀಕ್ಷೆಯಿಲ್ಲ ಎಂದು ನೆನೆದು ಅಳುವೂ ಬಂತು.

ಮರುದಿನ ಸವಿತಾ ಪೇಢೆ ತೆಗೆದುಕೊಂಡು ಮನೆಗೇ ಬಂದಳು. ಕಾಲಿಗೆ ನಮಸ್ಕಾರ ಮಾಡಿದಳು. ಮಗ್ಗ ಹೊಡೆಯುತ್ತಲೇ ಇದ್ದವು, ನಮ್ಮ ಮಾತೆಲ್ಲ ತುಟಿಯಲ್ಲೇ ನಡೆಯಿತು.

"ಇಂಗ್ಲಿಷಿಂದು ಎಲ್ಲಾ ನಿಮ್ಮವ ಬರದೇನ್ರಿ ಸರ್. ಇಪ್ಪತ್ತೇಳನೇದೊಂದ ಬಿಟ್ಟು. ಟ್ಯಾಸಿಟರ್ನ್ ಅಂದ್ರ ಮಾತು ಕಮ್ಮಿ ಆಡಾವ್ರಿ. ನೀವು ಬಾಯಿಬಡುಕ ಅಂದ್ರಿ."

ನನ್ನ ಹದಿನೇಳು ವರ್ಷಗಳು ಆ ಒಂದು ಅಂಕದಲ್ಲಿ ಇದ್ದವು. "ನಿನಗ ಗೊತ್ತಿತ್ತಲ್ಲವಾ, ನನಗರೆ ಯಾಕ ಹೇಳಲಿಲ್ಲ?" ಎಂದು ಕೇಳಿಯೇಬಿಟ್ಟೆ.

"ಮೂರು ಸಲ ಹೇಳಿದ್ನಲ್ರಿ ಸರ್, ಬಿ ಅಲ್ರಿ, ಡಿ ಅಂತ. ನೀವು ನನ್ನ ನೋಡಿ ನಕ್ಕು ಆಶೀರ್ವಾದ ಮಾಡಿದ್ರಿ."

ಸಮಜಾಯಿಷಿ ಹೇಳಲು ಬಾಯಿ ತೆರೆದೆ. ಆಚೆಯ ಮಗ್ಗದಿಂದ ಸುವರ್ಣಾ ಕಣ್ಣು ಮಿಟುಕಿಸದೆ ನನ್ನ ತುಟಿಯನ್ನೇ ನೋಡುತ್ತಿದ್ದಳು. ತೆರೆದ ಬಾಯಿಗೆ ಒಂದು ಪೇಢೆ ಹಾಕಿಕೊಂಡು ಮುಚ್ಚಿದೆ.