ಕೋರ್ಟು ನೋಡಿ ಕಟ್ಟಿದ ಕುದುರೆ

ಹೊಟ್ಟೆಕಿಚ್ಚು ಎಂಬುದು ತತ್ತ್ವದ ಪ್ರಕಾರ ನನಗೆ ಒಪ್ಪಿಗೆಯಿಲ್ಲದ ಗುಣ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಅದರ ವಿರುದ್ಧ ಮಾತಾಡಿ ಬೆಳ್ಳಿಯ ಕಪ್ಪು ತಂದವನು ನಾನು. ಮತ್ಸರಕ್ಕೆ ಕಾರಣವಿಲ್ಲ, ಕಾರಣವಿದ್ದರೂ ಪ್ರಯೋಜನವಿಲ್ಲ, ಪ್ರಯೋಜನವಿದ್ದರೆ ಅದು ಮತ್ಸರವೇ ಅಲ್ಲ ಎಂದು ಸಾಧಿಸಿ ನಾನು ಕುಳಿತಾಗ ಸಭೆ ಮೇಜು ಬಡಿದಿತ್ತು. ಮೇಜು ಬಡಿಯದೆ ಕುಳಿತವಳು ನನ್ನ ವಿರುದ್ಧ ಮಾತಾಡಿ ಸೋತ ಸುಮತಿ ಒಬ್ಬಳೇ. ಹೊರಗೆ ಬರುವಾಗ ಅವಳು, “ಕಪ್ಪು ನಿಮಗೇ ಸಲ್ಲಬೇಕಾದ್ದು. ಆದರೆ ಒಂದು ಕೇಳ್ತೇನೆ. ನೀವು ಹೇಳಿದ್ದನ್ನು ನೀವು ನಂಬ್ತೀರಾ?” ಎಂದಳು. ನಾನು ಗಂಟಲು ಸರಿಮಾಡಿಕೊಂಡು, ನಂಬಿಕೆ ಎಂದರೆ ಏನು ಎಂಬಲ್ಲಿಂದ ಆರಂಭಿಸುವಷ್ಟರಲ್ಲಿ ಅವಳು ಕಾವೂರಿನ ಬಸ್ಸು ಹತ್ತಿಯಾಗಿತ್ತು. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪ್ರಶ್ನೆ ಕೇಳಿದವಳೂ ಬಿಡಲಿಲ್ಲ.

ಡಿಗ್ರಿ ಮುಗಿದು ಬಲ್ಮಠದ ಒಂದು ಹೈಸ್ಕೂಲಿನಲ್ಲಿ ನಾನು ಮಾಷ್ಟ್ರಾದ ಮೇಲೆ ಸುಮತಿಯ ತಂದೆ ಶೀನಪ್ಪ ಶೆಟ್ಟರ ಹೋಟೆಲಿನಲ್ಲಿ ಚಾ ಕುಡಿಯುವ ಅಭ್ಯಾಸ ಮಾಡಿಕೊಂಡೆ. ಚಾ ಅಷ್ಟೇನೂ ಒಳ್ಳೆಯದಿರಲಿಲ್ಲ. ಆದರೆ ಶೆಟ್ಟರು ಮಾತಿನ ರುಚಿ ಬಲ್ಲವರು. ಗಲ್ಲಾದ ಹಿಂದೆ ಕುಳಿತು ನನ್ನ ವಾದಗಳಿಗೆ ತಲೆದೂಗುತ್ತಿದ್ದರು. ಜಾತಿ ಒಂದೇ, ಗೋತ್ರದಂತೆ ನೋಡುವ ಬಳಿ ಬೇರೆ, ಅಡ್ಡಿ ಎಲ್ಲಿಯೂ ಇರಲಿಲ್ಲ. ಇದ್ದದ್ದು ಒಂದೇ ಅಡ್ಡಿ, ಅದು ಕಪ್ಪು ಕೋಟು ಹಾಕಿಕೊಂಡು ಸಂಜೆ ಹೋಟೆಲಿಗೆ ಬರುತ್ತಿತ್ತು. ಸದಾನಂದ. ಶೆಟ್ಟರ ಅಕ್ಕನ ಮಗ, ಹೊಸ ವಕೀಲ. ನಮ್ಮಲ್ಲಿ ಮಾವನ ಮಗಳ ಮೇಲೆ ಮೊದಲ ಹಕ್ಕು ಅತ್ತೆಯ ಮಗನಿಗೆ. ಅವನು ಕೇಳಬೇಕಾಗಿಯೂ ಇಲ್ಲ. ಸುಮ್ಮನೆ ಇದ್ದರೆ ಸಾಕು. ಅವನು ಸುಮ್ಮನೆಯೇ ಇದ್ದ. ಅದೇ ನನಗೆ ಹೆಚ್ಚಿನ ಸಂಕಟ. ಸುಮತಿ ಅವನನ್ನು ‘ಸದಾನಂದ ಭಾವ’ ಎಂದು ಕರೆಯುತ್ತಿದ್ದಳು. ಕರಾವಳಿಯಲ್ಲಿ ಅತ್ತೆಯ ಮಗನನ್ನು ಬೇರೇನೆಂದು ಕರೆಯುತ್ತಾರೆ ಎಂದು ನೀವು ಕೇಳಬಹುದು. ನನ್ನ ವಾದ ಇಷ್ಟೇ: ಅಣ್ಣ ಎನ್ನುವುದಕ್ಕೆ ಅವಳ ನಾಲಿಗೆಗೆ ಏನು ಕಷ್ಟವಿತ್ತು?

ಎದುರಾಳಿಯ ದೌರ್ಬಲ್ಯವನ್ನು ಮೊದಲು ಅಭ್ಯಾಸ ಮಾಡಬೇಕು ಎಂಬುದು ಚರ್ಚೆಯ ಪಾಠ. ಹಾಗಾಗಿ ಶಾಲೆಗೆ ರಜೆಯಿದ್ದು ಕೋರ್ಟಿಗೆ ರಜೆಯಿಲ್ಲದ ದಿನಗಳಲ್ಲಿ ಗುಡ್ಡೆ ಹತ್ತಿ ಮುನ್ಸೀಫ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳತೊಡಗಿದೆ. ಅಲ್ಲಿಯವರೆಗೆ ನಾನು ಕಂಡ ಕೋರ್ಟು ಸಿನೆಮಾದ್ದು. ಅಲ್ಲಿ ನಾಯಕ ಮೇಜಿಗೆ ಗುದ್ದುತ್ತಾನೆ, ಸತ್ತನೆಂದು ತಿಳಿದವನು ಬಾಗಿಲು ತಳ್ಳಿಕೊಂಡು ಬಂದು ಸಾಕ್ಷಿ ಹೇಳುತ್ತಾನೆ. ಈ ಕೋರ್ಟಿನಲ್ಲಿ ಬದುಕಿರುವವರೇ ಬರುತ್ತಿರಲಿಲ್ಲ. ಕೋರ್ಟಿನ ಜವಾನ ದಲಾಯತ ಜಗಲಿಗೆ ಹೋಗಿ ಒಂದು ಹೆಸರನ್ನು ರಾಗವಾಗಿ ಕೂಗುತ್ತಿದ್ದ. ಗುಡ್ಡೆಯ ಕೆಳಗಿನಿಂದ ಒಂದು ನಾಯಿ ಉತ್ತರ ಕೊಡುತ್ತಿತ್ತು. ವಕೀಲರು ಎದ್ದು “ವಾಯಿದೆ ಬೇಕು” ಎನ್ನುತ್ತಿದ್ದರು. ಮುನ್ಸೀಫರು ಮುಂದಿನ ತಾರೀಕು ಕೊಡುತ್ತಿದ್ದರು. ಆದರೂ ಟಿಕೇಟಿಲ್ಲದ ಆ ನಾಟಕಕ್ಕೆ ಖಾಯಂ ಪ್ರೇಕ್ಷಕರಿದ್ದರು. ಅವರಲ್ಲಿ ಹಿರಿಯರು ರೊಜಾರ್ ಪೊರ್ಬುಗಳು. ಕೆಲಸದಿಂದ ನಿವೃತ್ತರಾದ ಕ್ರಿಸ್ತುವರು. ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ, ಕೊಡೆ ಹಿಡಿದು ನೇರ ಕೋರ್ಟಿಗೆ ಬರುವವರು.

“ನಿಮಗೆ ಇಲ್ಲಿ ಕೇಸು ಉಂಟಾ?” ಎಂದು ಒಮ್ಮೆ ಅವರನ್ನು ಕೇಳಿದೆ.

“ಎಂತ ಕೇಸು? ಮನೆಯಲ್ಲಿ ನನ್ನ ಹೆಂಡತಿ ದಿನಾ ಪ್ರಶ್ನೆ ಹಾಕಿ ಹಾಕಿ ನನ್ನನ್ನು ಕ್ರಾಸ್ ಮಾಡ್ತಾಳೆ ಮಾರಾಯ್ರೆ. ಇಲ್ಲಿ ಬೇರೆಯವರಿಗೆ ಆಗುವುದನ್ನು ನೋಡಿದರೆ ಮನಸ್ಸಿಗೆ ಒಂದು ಸಮಾಧಾನ.”

ಕಡೆಗೆ ಸದಾನಂದನ ಕೇಸು ಬಂತು. ಉಳ್ಳಾಲದ ಒಂದು ಹಿತ್ತಿಲಿನ ಮೂಲಕ ಕಾಲುದಾರಿ ಉಂಟೋ ಇಲ್ಲವೋ ಎಂಬ ತಕರಾರು. ಉಂಟು ಎನ್ನುವವರು ಸದಾನಂದನ ಕಕ್ಷಿ. ಇಲ್ಲ ಎನ್ನುವವರ ವಕೀಲರು ಹಿರಿಯರು, ಗುಡುಗಿನಂಥ ಕಂಠ. ಅವರು ಬೆಳಗಿನಿಂದ ಮಧ್ಯಾಹ್ನದವರೆಗೆ ಗುಡುಗಿದರು. ದಾಖಲೆ ಎಲ್ಲಿ, ಸಹಿ ಎಲ್ಲಿ, ಸಹಿ ಮಾಡಿದವನು ಎಲ್ಲಿ ಎಂದು ಕೇಳಿದರು. ನನ್ನ ಮೈ ನವಿರೆದ್ದಿತು. ವಾದವೆಂದರೆ ಇದು! ಆಮೇಲೆ ಅವರ ಸಾಕ್ಷಿ, ಒಬ್ಬ ಮುದುಕ, ಕಟಕಟೆ ಹತ್ತಿ ಅಲ್ಲಿ ದಾರಿ ಎಂಬುದೇ ಇರಲಿಲ್ಲ ಎಂದು ಖಂಡಿತವಾಗಿ ಹೇಳಿದ. ಸದಾನಂದ ನಿಧಾನವಾಗಿ ಎದ್ದ. “ಅಜ್ಜೆರೇ, ನಿಮ್ಮ ಮನೆ ಹಿತ್ತಿಲಿನ ಆಚೆಗೆ ಅಲ್ಲವಾ? ಇವತ್ತು ಬೆಳಿಗ್ಗೆ ಬಸ್ಸಿಗೆ ಎಲ್ಲಿಂದಾಗಿ ಬಂದಿರಿ?”

“ಹಿತ್ತಿಲಿನಿಂದಾಗಿಯೇ. ಮತ್ತೆ ಬೇರೆ ದಾರಿ ಎಲ್ಲಿ ಉಂಟು?”

ಸದಾನಂದ ಕುಳಿತುಬಿಟ್ಟ. ಮುನ್ಸೀಫರು ಕರವಸ್ತ್ರ ತೆಗೆದು ಮೂಗು ಒರೆಸುವಂತೆ ಮಾಡಿ ನಗು ಒರೆಸಿಕೊಂಡರು. “ನೋಡಿದಿರಾ,” ಎಂದರು ಪೊರ್ಬುಗಳು. “ಕುಳಿತುಕೊಳ್ಳಲು ಗೊತ್ತಿರುವ ವಕೀಲ. ಎಲ್ಲರಿಗೂ ಬರುವುದಿಲ್ಲ ಅದು.” ಅದು ಬರೀ ಅದೃಷ್ಟ ಎಂದೆ ನಾನು. ನಾನಾಗಿದ್ದರೆ ಮುದುಕನನ್ನು ಸಾಯಂಕಾಲದವರೆಗೆ ನಿಲ್ಲಿಸಿಕೊಳ್ಳುತ್ತಿದ್ದೆ ಎಂದೆ. “ಹೌದು, ಹೌದು,” ಎಂದರು ಪೊರ್ಬುಗಳು, “ಆಗ ಅವನು ಸಾಯಂಕಾಲದೊಳಗೆ ದಾರಿಯನ್ನು ಮುಚ್ಚಿಬಿಡುತ್ತಿದ್ದ.” ಆ ದಿನ ಗುಡ್ಡೆ ಇಳಿಯುವಾಗ ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಹೋಟೆಲಿನ ಗೋಳಿಬಜೆಯೇ ಕಾರಣ ಎಂದು ನಾನು ತೀರ್ಮಾನಿಸಿದೆ. ಆದರೆ ಅಂದು ನಾನು ಗೋಳಿಬಜೆ ತಿಂದಿರಲಿಲ್ಲ.

ಹೀಗೆ ಒಂದೇ ಬೆಂಚಿನಲ್ಲಿ ಕುಳಿತು ಪೊರ್ಬುಗಳು ಒಂದು ಪಾಠ ಕಲಿತರೆ ನಾನು ಇನ್ನೊಂದು ಕಲಿತೆ. ಯಾವುದನ್ನೂ ಒಪ್ಪಬಾರದು, ಎಲ್ಲದಕ್ಕೂ ಆಧಾರ ಕೇಳಬೇಕು: ಗುಡುಗಿನ ವಕೀಲರಿಂದ ನಾನು ಪಡೆದ ಜೀವನದರ್ಶನ ಇದು. ನಾನಿದ್ದ ಲಾಡ್ಜಿನ ಅಡಿಗೆಯವನು ಮೀನು ತಾಜಾ ಎಂದರೆ, ಅದು ಸಾಯುವುದನ್ನು ನೀನು ಕಣ್ಣಾರೆ ಕಂಡಿದ್ದೀಯಾ ಎಂದು ಕೇಳತೊಡಗಿದೆ. ಅವನು ನನ್ನ ಬಟ್ಟಲಿಗೆ ಬರೀ ಸಾರು ಬಡಿಸತೊಡಗಿದ.

ಇಂಥ ಸಮಯದಲ್ಲೇ ಒಂದು ದಿನ ಶೆಟ್ಟರು, “ಮಾಷ್ಟ್ರೇ, ಬರುವ ಆದಿತ್ಯವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ತಾಳಮದ್ದಳೆ ಉಂಟು. ರಾಜನ ಅರ್ಥ ಹೇಳುವವರಿಗೆ ಜ್ವರ. ನೀವು ಮಾತಿನವರಲ್ಲವಾ? ಬನ್ನಿ” ಎಂದರು. ತಾಳಮದ್ದಳೆ ಎಂದರೆ ವೇಷ, ಕುಣಿತ ಯಾವುದೂ ಇಲ್ಲದೆ ಕುಳಿತಲ್ಲೇ ಮಾತಿನಲ್ಲಿ ನಡೆಯುವ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರ ವಹಿಸಿದವರು ಅದಕ್ಕೆ ಅಲ್ಲೇ ಮಾತು ಹುಟ್ಟಿಸಿ ವಾದ ಮಾಡುತ್ತಾರೆ. ನನ್ನದು ಯಾಗದ ಕುದುರೆಯನ್ನು ಕಟ್ಟಿಹಾಕಿದ ರಾಜನ ಪಾತ್ರ. ಬಿಡಿಸಿಕೊಳ್ಳಲು ಬರುವ ದೂತ ಯಾರೆಂದು ಕೇಳಿದೆ. “ನಮ್ಮ ಸದಾನಂದ” ಎಂದರು ಶೆಟ್ಟರು. ಆ ಮಾತಿಗೆ ನಾನು ಆಧಾರ ಕೇಳಲಿಲ್ಲ.

ಕಾವೂರು ಕೆರೆಯ ಹತ್ತಿರದ ಆ ಮನೆಯ ಚಾವಡಿ ತುಂಬ ಜನ. ಒಳಬಾಗಿಲಿನ ಮರೆಯಲ್ಲಿ ಸುಮತಿ. ಸದಾನಂದ ಕೈಮುಗಿದು, ಹಣೆಯಲ್ಲಿ ಪಟ್ಟ ಕಟ್ಟಿಕೊಂಡು ದೇಶ ಸುತ್ತುತ್ತಿದ್ದ ತಮ್ಮ ಕುದುರೆಯನ್ನು ಕಟ್ಟಿಹಾಕಿರುವುದು ನ್ಯಾಯವೇ ಮಹಾರಾಜ ಎಂದ.

“ನಿಮ್ಮ ಕುದುರೆ ಎನ್ನುವುದಕ್ಕೆ ಆಧಾರ?”

“ಪಟ್ಟದಲ್ಲಿ ಬರೆದಿದೆಯಲ್ಲ ಪ್ರಭು.”

“ಬರೆದವನನ್ನು ಕರೆತಂದಿದ್ದೀಯಾ? ಕುದುರೆಗೆ ಓದಲು ಬರುತ್ತದೆಯೇ? ಬಾರದಿದ್ದರೆ, ತನ್ನ ಹಣೆಯಲ್ಲಿ ಇರುವುದಕ್ಕೆ ಅದರ ಒಪ್ಪಿಗೆ ಉಂಟೆಂದು ಹೇಗೆ ಹೇಳುತ್ತೀ?”

ಸಭೆ ನಕ್ಕಿತು. ಬಾಗಿಲಿನ ಮರೆಯಲ್ಲಿಯೂ ನಗು ಕಂಡಿತು. ನನಗೆ ಅಷ್ಟೇ ಸಾಕಾಯಿತು. ಅವನು ಧರ್ಮ ಎಂದರೆ ನಾನು ಯಾರ ಧರ್ಮ ಎಂದೆ. ಪರಂಪರೆ ಎಂದರೆ ಅದಕ್ಕೆ ಸಾಕ್ಷಿ ಕೇಳಿದೆ. ಭಾಗವತರು ತಾಳ ತಟ್ಟಿ ಸೂಚನೆ ಕೊಟ್ಟರು. ನಾನು ಕೇಳಿಸಿಕೊಳ್ಳಲಿಲ್ಲ. ಮದ್ದಳೆಯವರು ಮದ್ದಳೆಯನ್ನೇ ಬಡಿದರು. ಪಕ್ಕದಲ್ಲಿದ್ದವರು ಬಗ್ಗಿ, “ಮಾಷ್ಟ್ರೇ, ಇನ್ನು ಕುದುರೆ ಬಿಡಿ, ಕಾಫಿ ತಣಿಯುತ್ತದೆ” ಎಂದು ಪಿಸುಗುಟ್ಟಿದರು. ಬಿಡುವುದೇ? ಸದಾನಂದನಿಗೆ? ಅವನ ‘ಭಾವ’ ಎಂಬ ಪಟ್ಟವನ್ನೇ ಬಿಡಿಸಬೇಕೆಂದಿದ್ದವನು ನಾನು! ಬಸ್ಸಿಗೆ ಹೋಗಬೇಕಾದವರು ಒಬ್ಬೊಬ್ಬರಾಗಿ ಎದ್ದರು. ಕಡೆಗೆ ಸದಾನಂದ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: “ಮಹಾರಾಜ, ನಿನ್ನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಕುದುರೆ ನಿನ್ನಲ್ಲೇ ಇರಲಿ. ಬರಿಗೈಯಲ್ಲಿ ಹೋಗಿ, ಯಾಗ ನಿಂತಿತು ಎಂದು ನನ್ನ ಒಡೆಯನಿಗೆ ಹೇಳುತ್ತೇನೆ.” ಚಾವಡಿಯ ಅಜ್ಜಿಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ಭಾಗವತರು ಪುಟ ಮಗುಚಿದರು. ಮುಂದಿನ ಪದ್ಯ, ರಾಜನು ನಾಚಿ ಕುದುರೆಯನ್ನು ಒಪ್ಪಿಸಿದ ಬಗ್ಗೆ. ಒಪ್ಪಿಸದ ರಾಜನಿಗೆ ಯಾರೂ ಪದ್ಯ ಬರೆದಿರಲಿಲ್ಲ. ಅವರು ಕನ್ನಡಕ ತೆಗೆದು, ತಾಳವನ್ನು ಕೆಳಗಿಟ್ಟರು. ಕತೆ ಅಲ್ಲಿಗೇ ನಿಂತಿತು.

ಗೆದ್ದ ಸಂಭ್ರಮದಲ್ಲಿ ಸುತ್ತ ನೋಡಿದೆ. ಎಲ್ಲರೂ ಸದಾನಂದನ ಬೆನ್ನು ತಟ್ಟುತ್ತಿದ್ದರು. “ಎಂಥ ಚಂದ ಸೋತೆ ಮಗಾ,” ಎನ್ನುತ್ತಿದ್ದರು ಶೆಟ್ಟರು. ನನ್ನ ಕಡೆ ತಿರುಗಿ, “ಮಾಷ್ಟ್ರೇ, ಹೋಗುವಾಗ ಕುದುರೆಯನ್ನು ನೆನಪು ಮಾಡಿ ಕರಕೊಂಡು ಹೋಗಿ. ಹುಲ್ಲು ಹಾಕಲು ನಮ್ಮಿಂದ ಆಗುವುದಿಲ್ಲ” ಎಂದರು. ಮರುದಿನದಿಂದ ಹೋಟೆಲಿನಲ್ಲಿ ನನಗೆ ಕುದುರೆ ಮಾಷ್ಟ್ರು ಎಂದೇ ಹೆಸರು. ಅದಕ್ಕಿಂತ ಕೆಟ್ಟದ್ದೆಂದರೆ ಗಲ್ಲಾದ ಹಿಂದಿನ ತಲೆ ನನ್ನ ವಾದಗಳಿಗೆ ದೂಗುವುದನ್ನು ನಿಲ್ಲಿಸಿತು. ಹೆಣ್ಣು ಕೇಳುವ ಮಾತು ನನ್ನ ಬಾಯಲ್ಲೇ ಉಳಿಯಿತು.

ಆ ವಾರ ಬಲ್ಮಠದ ಬಸ್ಸು ನಿಲ್ಲುವಲ್ಲಿ ಸುಮತಿ ಸಿಕ್ಕಿದಳು. ನಾನು ಬಾಯಿ ತೆರೆಯುವ ಮೊದಲೇ, “ಒಂದು ಕೇಳ್ತೇನೆ. ನಿಮಗೆ ಬೇಕಾದ್ದು ನಾನಾ, ಅಲ್ಲ ಸದಾನಂದ ಭಾವ ಸೋಲುವುದಾ?” ಎಂದಳು.

“ಇದರಲ್ಲಿ ಎರಡು ಬೇರೆಬೇರೆ ಪ್ರಶ್ನೆಗಳಿವೆ—”

“ಬಸ್ಸು ಬರ್ತಾ ಉಂಟು.”

“ನೀವು” ಎಂದೆ. ನನ್ನ ಜೀವಮಾನದಲ್ಲೇ ಅತಿ ಚಿಕ್ಕ ಭಾಷಣ.

“ಹಾಗಾದರೆ ಆದಿತ್ಯವಾರ ಬಂದು ಕುದುರೆ ಬಿಡಿ. ಅಪ್ಪನಿಗೆ ನಾನು ಹೇಳ್ತೇನೆ. ಮತ್ತೆ ಇನ್ನೊಂದು. ಬಿಡುವುದು, ಕಟ್ಟುವುದು ಎಲ್ಲ ಕುದುರೆಗೆ. ನನಗೆ ಅಲ್ಲ. ಗೊತ್ತಾಯ್ತಾ?”

ಉಳಿದ ದಿನಗಳೆಲ್ಲ ನಾನು ಸೋಲುವುದನ್ನು ಅಭ್ಯಾಸ ಮಾಡಿದೆ. ಲಾಡ್ಜಿನ ಅಡಿಗೆಯವನ ಮೀನೆಲ್ಲ ತಾಜಾ ಎಂದು ಒಪ್ಪಿಕೊಂಡೆ. ಆದಿತ್ಯವಾರ ಅದೇ ಚಾವಡಿ, ಅದೇ ಪ್ರಸಂಗ. ನೋಡಲು ಹಿಂದಿನ ಸಲಕ್ಕಿಂತ ಹೆಚ್ಚು ಜನ. ಸದಾನಂದ ಕೈಮುಗಿದು, “ಮಹಾರಾಜ, ನಮ್ಮ ಯಾಗದ ಕುದುರೆ” ಎನ್ನುವಷ್ಟರಲ್ಲಿ ನಾನು, “ತಪ್ಪಾಯಿತು. ತೆಗೆದುಕೊಂಡು ಹೋಗು” ಎಂದುಬಿಟ್ಟೆ.

ಇಡೀ ಮಧ್ಯಾಹ್ನಕ್ಕೆಂದು ಇಟ್ಟ ಕೂಟ ಒಂದೇ ಉಸಿರಿನಲ್ಲಿ ಮುಗಿದಿತ್ತು. ಒಳಗೆ ಕಾಫಿಗೆ ನೀರನ್ನೂ ಇಟ್ಟಿರಲಿಲ್ಲ. ಸದಾನಂದ ಬೆವರಿದ. ಅವನನ್ನು ಹಾಗೆ ಕಂಡದ್ದು ಅದೇ ಮೊದಲು. “ಇಷ್ಟು ಬೇಗ ಹೇಗೆ ಪ್ರಭು? ಕ್ಷತ್ರಿಯನಾದವನು ಒಂದು ಮಾತಾದರೂ ತಡೆಯಬೇಡವೇ?”

“ಯಾಕೆ ತಡೆಯಬೇಕು? ಕುದುರೆ ನಿಮ್ಮದೆಂದು ನೀನೇ ಹೇಳುತ್ತಿದ್ದೀ. ನಾನು ಒಪ್ಪುತ್ತಿದ್ದೇನೆ. ಇನ್ನೂ ಅದನ್ನು ಇಲ್ಲೇ ಬಿಟ್ಟು ನಿಂತರೆ ನಿನ್ನ ಯಾಗಕ್ಕೆ ಆಗುವ ನಷ್ಟಕ್ಕೆ ಹೊಣೆ ಯಾರು?” ಅವನು ರಾಜಧರ್ಮ ಎಂದ. ನಾನು, ಪರರ ಸೊತ್ತನ್ನು ಕೇಳಿದ ಕೂಡಲೇ ಕೊಡುವುದೇ ರಾಜಧರ್ಮ ಎಂದೆ. ಅವನು ಯುದ್ಧಕ್ಕೆ ಕರೆದ. ಕಾರಣವಿಲ್ಲದ ಯುದ್ಧಕ್ಕೆ ಆಧಾರ ಕೇಳಿದೆ. ಕುದುರೆಯನ್ನು ತೆಗೆದುಕೊಂಡು ಹೋಗಲೇಬೇಕು ಎಂದು ನಾನು, ಈಗಲೇ ಬೇಡ ಎಂದು ಅವನು, ಕಾಫಿ ಬಂದು ತಣಿಯುವವರೆಗೂ ವಾದಿಸಿದೆವು. ಕೊನೆಗೆ ಅವನು ಸೋತು, ನಗುತ್ತ, ಕುದುರೆಯನ್ನು ಒಯ್ದ. ಭಾಗವತರು ನಗುವಿನ ನಡುವೆ ಹೇಗೋ ಪದ್ಯ ಹಾಡಿದರು.

ಶೆಟ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಇವರಿಗೆ ಸೋಲಲಿಕ್ಕೆ ಕೊಟ್ಟರೆ ಅದರಲ್ಲೂ ಗೆಲ್ತಾರಲ್ಲ ಮಾರಾಯ! ಸದಾನಂದ, ಹುಡುಗಿ ಇವರೇ ಆಗಬಹುದು ಅಂತಾಳೆ. ಮೊದಲು ಕೇಳುವ ಹಕ್ಕು ನಿನ್ನದು. ಎಂತ ಹೇಳ್ತೀ?” ಎಂದರು.

ಸದಾನಂದ ಒಂದೇ ವಾಕ್ಯ ಹೇಳಿ ಕುಳಿತ: “ಮಾವ, ಹೇಳಬೇಕಾದವಳು ಹೇಳಿಯಾಯ್ತಲ್ಲ.”

ನೋಡಿ, ಇದೇ ನನಗೆ ಇಂದಿಗೂ ಸಹಿಸಲಾಗದ್ದು. ಮದುವೆಯಾಗಿ ವರ್ಷ ಕಳೆದಿದೆ. ಸುಮತಿ ಬಲ್ಮಠದ ನಮ್ಮ ಬಾಡಿಗೆಮನೆಯಲ್ಲಿದ್ದಾಳೆ, ಗೆದ್ದವನು ನಾನು. ಆದರೆ ಆ ಒಂದು ವಾಕ್ಯವನ್ನು ನಾನು ಹೇಳಲಿಲ್ಲವಲ್ಲ, ಅವನು ಹೇಳಿದನಲ್ಲ! ಕಾವೂರಿನಲ್ಲಿ ಈಗಲೂ ಅದನ್ನೇ ಕೊಂಡಾಡುತ್ತಾರೆ. ಆದಿತ್ಯವಾರ ಅವನು ಊಟಕ್ಕೆ ಬಂದರೆ ಕಾಣೆ ಮೀನಿನ ದೊಡ್ಡ ತುಂಡು ಅವನ ಎಲೆಗೆ. “ಸದಾನಂದ ಭಾವ ಕೇಳುವುದಿಲ್ಲ, ಅದಕ್ಕೆ ನಾವೇ ನೋಡಿ ಬಡಿಸಬೇಕು,” ಎನ್ನುತ್ತಾಳೆ ಸುಮತಿ. ನಾನು ಕೇಳುತ್ತೇನೆ. ನನಗೆ ಬಾಲದ ತುಂಡು. ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಮೊನ್ನೆ ದಾರಿಯಲ್ಲಿ ಸಿಕ್ಕಿದ ಪೊರ್ಬುಗಳು ನನ್ನ ಮುಖ ನೋಡಿದವರೇ, “ಮದುವೆ ಆಯ್ತಾ? ಹಾಗಾದರೆ ನನ್ನ ಬದಿಯ ಬೆಂಚು ಖಾಲಿ ಉಂಟು” ಎಂದು ಕೊಡೆ ಬಿಡಿಸಿಕೊಂಡು ಹೋದರು.

ಇಷ್ಟನ್ನು ಬರೆದು, ಮತ್ಸರವನ್ನು ನಾನು ಗೆದ್ದ ಬಗೆಯನ್ನು ಕೊನೆಯಲ್ಲಿ ವಿವರಿಸಬೇಕೆಂದು ಪೆನ್ನು ಹಿಡಿದು ಕುಳಿತಿದ್ದೆ. ಹಿಂದೆ ನಿಂತು ಓದಿದ ಸುಮತಿ ಕೇಳಿದಳು: “ಇಷ್ಟೆಲ್ಲ ಬರೆದಿರಲ್ಲ, ಹೊಟ್ಟೆಕಿಚ್ಚು ಹೋಯಿತಾ, ಇಲ್ಲವಾ? ಒಂದೇ ಮಾತಿನಲ್ಲಿ ಹೇಳಿ.”

ನಾನು ಎದ್ದು ನಿಂತು ವಾಯಿದೆ ಕೇಳಿದೆ. ಆದಿತ್ಯವಾರಕ್ಕೆ ಕೊಟ್ಟಿದ್ದಾಳೆ. ಅಂದು ಕಾಣೆ ತರಬೇಕಂತೆ, ಊಟಕ್ಕೆ ಸದಾನಂದ ಭಾವ ಬರುತ್ತಾನಂತೆ.