ಹೊಸತೊಡಕಿನ ತಲೆ

ಎಲ್ಲದಕ್ಕೂ ಕಾರಣ ಒಂದು ಕಂಚಿನ ಬಟ್ಟಲು. ಪ್ರತಿ ವರ್ಷ ಯುಗಾದಿಯ ಮಾರನೆಯ ದಿನ, ಅಂದರೆ ಹೊಸತೊಡಕಿನ ಸಂಜೆ, ಅದು ಮುನಿಶಾಮಪ್ಪನ ಹಿತ್ತಲ ಗೋಡೆ ಹತ್ತಿ ಚಿಕ್ಕಬೈರಪ್ಪನ ಹಿತ್ತಲಿಗೆ ಇಳಿಯುತ್ತಿತ್ತು. ಅದರ ತುಂಬ ಮುನಿಶಾಮಪ್ಪನ ಹೆಂಡತಿ ಲಕ್ಷ್ಮಿದೇವಮ್ಮ ಮಾಡಿದ ಬಿಸಿಬಿಸಿ ತಲೆಮಾಂಸದ ಸಾರು.

"ಲಕ್ಷ್ಮಿದೇವಮ್ಮನ ಕೈಯಾಗೆ ಅದೇನೈತೋ ಕಾಣೆ" ಎಂದು ಚಿಕ್ಕಬೈರಪ್ಪನ ಹೆಂಡತಿ ಮುನಿಕೆಂಪಮ್ಮ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದಳು. ಅದನ್ನು ಕೇಳಿ ಚಿಕ್ಕಬೈರಪ್ಪನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು. ಅವನೂ ಆ ಸಾರು ಕುಡಿದಿರುತ್ತಿದ್ದ. ರುಚಿಯಾಗಿತ್ತು ಎಂಬುದೇ ಅವನ ಸಂಕಟ.

ಪುಟ್ಟೇನಹಳ್ಳಿಯಲ್ಲಿ ಹದಿನಾಲ್ಕು ಮನೆ. ಹೊಸತೊಡಕಿಗೆ ಊರೆಲ್ಲ ಸೇರಿ ಒಂದು ದೊಡ್ಡ ಟಗರು ಕಡಿದು, ಕೆರೆ ಏರಿಯ ಕೆಳಗೆ ಮುತ್ತುಗದ ಎಲೆ ಹಾಸಿ, ಮಾಂಸವನ್ನು ಹದಿನಾಲ್ಕು ಗುಡ್ಡೆ ಮಾಡುತ್ತಿದ್ದರು. ಮೊದಲ ಗುಡ್ಡೆ ಮುನಿಶಾಮಪ್ಪನಿಗೆ, ಅದರ ಜೊತೆಗೆ ಟಗರಿನ ತಲೆಯೂ ಅವನಿಗೇ. ಎಲೆ ತಂದು ಹಾಸುವ ಕೆಲಸ ಚಿಕ್ಕಬೈರಪ್ಪನ ಮನೆತನದ್ದು, ಗುಡ್ಡೆ ಎತ್ತುವಾಗ ಮಾತ್ರ ಅವನದು ಕೊನೆಯ ಸರದಿ.

ಏಕೆ ಹೀಗೆ ಎಂದು ಕೇಳಿದರೆ ಊರವರ ಹತ್ತಿರ ಉತ್ತರ ಸಿದ್ಧವಿತ್ತು. ಮುನಿಶಾಮಪ್ಪನ ತಾತ ಪಿಳ್ಳಪ್ಪ ಕೆರೆಯಂಗಳದಲ್ಲಿ ಬರೀ ದೊಣ್ಣೆಯಿಂದ ಚಿರತೆ ಹೊಡೆದನಂತೆ. ಆ ಖುಷಿಗೆ ಊರವರು ಟಗರು ಕಡಿದು ಹಂಚಿಕೊಂಡರಂತೆ. ಹೊಸತೊಡಕು ಹುಟ್ಟಿದ್ದೇ ಹಾಗಂತೆ. ಚಿಕ್ಕಬೈರಪ್ಪ ಹುಡುಗನಾಗಿದ್ದಾಗ ಅದು ಚಿರತೆಯ ಮರಿಯಾಗಿತ್ತು. ವರ್ಷ ವರ್ಷ ಬೆಳೆದು, ಈ ಐವತ್ತೇಳನೇ ಇಸವಿಗೆ ಜೋಡಿ ಹುಲಿಯಾಗಿತ್ತು.

ಆ ವರ್ಷದ ಹೊಸತೊಡಕಿನ ಬೆಳಗ್ಗೆ ಎಲೆ ಕೊಯ್ದು ಹೊರೆ ಹೊತ್ತು ಬರುವಾಗ ಚಿಕ್ಕಬೈರಪ್ಪನಿಗೆ ಸ್ಕೂಲಿನ ಜಗಲಿಯ ಮೇಲೆ ಚನ್ನಕೇಶವ ಮೇಷ್ಟ್ರು ಸಿಕ್ಕರು. ಊರಿನ ಚರಿತ್ರೆ ಬರೆಯಬೇಕೆಂದು ಒಂದು ನೋಟುಬುಕ್ಕು ಇಟ್ಟುಕೊಂಡು ವರ್ಷದಿಂದ ಒದ್ದಾಡುತ್ತಿದ್ದವರು ಅವರು.

"ಮೇಷ್ಟ್ರೇ, ಒಸತೊಡಕು ಉಟ್ಟಿದ್ದು ಪಿಳ್ಳಪ್ಪನಿಂದ ಅಂತಾರಲ್ಲ, ದಿಟವಾ?"

"ಯಾರ್ರೀ ಹೇಳಿದ್ದು?" ಎಂದು ಮೇಷ್ಟ್ರು ನಕ್ಕರು. "ತೊಡಗು ಅಂದ್ರೆ ಶುರು ಮಾಡೋದು. ಹೊಸ ವರ್ಷದ ಕೆಲಸಕ್ಕೆ ತೊಡಗೋ ದಿನ, ನನಗೆ ತಿಳಿದ ಮಟ್ಟಿಗೆ ಅಷ್ಟೇ. ಮಂಡ್ಯದ ಕಡೇನೂ ಮಾಡ್ತಾರೆ, ಕೋಲಾರದ ಕಡೇನೂ ಮಾಡ್ತಾರೆ. ಅಲ್ಲೆಲ್ಲ ಪಿಳ್ಳಪ್ಪನವರು ಹೋಗಿ ಚಿರತೆ ಹೊಡೆದ್ರಾ?"

ಚಿಕ್ಕಬೈರಪ್ಪನಿಗೆ ಬೆಲ್ಲ ತಿಂದಷ್ಟು ಸಂತೋಷವಾಯಿತು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಸಂತೋಷ ಇಳಿಯಿತು. ಯಾರ ತಾತನೂ ಶುರು ಮಾಡಿಲ್ಲವೆಂದರೆ ತಲೆ ತನ್ನ ಮನೆಗೂ ಬರುವುದಿಲ್ಲವಲ್ಲ! ಹೊರೆ ಹೊತ್ತವನು ಹಾಗೇ ಹಿಂದಿರುಗಿದ.

"ಅಬ್ಬದ ಮಾತು ಬುಡಿ ಮೇಷ್ಟ್ರೇ. ನಮ್ಮೂರಾಗೆ ಗುಡ್ಡೆ ಆಕೋದು ಶುರು ಮಾಡಿದ್ದು ಯಾರು?"

"ಅದು ನನ್ನ ಪುಸ್ತಕದಲ್ಲಿಲ್ಲ. ಯಾರಾದ್ರೂ ಹಳಬರನ್ನ ಕೇಳ್ಬೇಕು. ಸಿಕ್ಕಿದ್ರೆ ನಂಗೂ ಹೇಳಿ, ಬರ್ಕೋತೀನಿ."

ಹಳಬರು ಎಂದೊಡನೆ ಚಿಕ್ಕಬೈರಪ್ಪನಿಗೆ ಹತ್ತಿರದ ಸಿಂಗಾಪುರವೆಂಬ ಹಳ್ಳಿಗೆ ಕೊಟ್ಟಿದ್ದ ತನ್ನ ಸೋದರತ್ತೆ ಪಟಾಲಮ್ಮ ನೆನಪಾದಳು. ಎಂಬತ್ತು ದಾಟಿತ್ತು, ಹಲ್ಲು ಒಂದೂ ಇರಲಿಲ್ಲ, ನೆನಪು ಮಾತ್ರ ಒಂದೂ ಉದುರಿರಲಿಲ್ಲ. ಅವನು ಎಲೆಯ ಹೊರೆಯನ್ನು ಮನೆಯಂಗಳದಲ್ಲಿ ಎಸೆದು ಗಾಡಿ ಕಟ್ಟತೊಡಗಿದ.

"ಈ ಒತ್ನಾಗೆ ಎಲ್ಲಿಗೆ?" ಎಂದಳು ಮುನಿಕೆಂಪಮ್ಮ.

"ಅತ್ತೆನ ಕರ್ಕಬರಕ್ಕೆ. ಇವತ್ತು ಆ ತಲೆ ನಮ್ಮನೆಗೆ ಬರ್ಬೇಕು."

"ಇವತ್ತು ಒಸತೊಡಕು, ಗ್ಯಾನ ಇರ್ಲಿ. ಇವತ್ತು ಏನಾಯ್ತದೋ ವರ್ಸೆಲ್ಲ ಅದೇ ಆಯ್ತದೆ. ಇವತ್ತು ಒಟ್ಟೆ ಉರ್ಕೊಂಡ್ರೆ ವರ್ಸೆಲ್ಲ ಉರ್ಕೊಂಡೇ ಇರ್ಬೇಕು, ನೋಡು."

"ಅದ್ಕೇ ಓಯ್ತಿರೋದು! ಇವತ್ತು ತಲೆ ಸಿಕ್ಕಿದ್ರೆ ವರ್ಸೆಲ್ಲ ತಲೆ ಎತ್ಕೊಂಡು ತಿರುಗ್ತೀನಿ."

ಪಟಾಲಮ್ಮ ಸುಲಭಕ್ಕೆ ಗಾಡಿ ಹತ್ತಲಿಲ್ಲ. ಎಲೆಯಡಿಕೆ ಕುಟ್ಟಿ ಕೊಡು ಎಂದಳು, ಕುಟ್ಟಿದ. ಗಾಡಿಗೆ ಹುಲ್ಲು ಸಾಲದು ಎಂದಳು, ಹಾಸಿದ. ದಾರಿಯಲ್ಲಿ ಮೂರು ಕಡೆ ಗಾಡಿ ನಿಲ್ಲಿಸಿ ಕಂಡವರನ್ನೆಲ್ಲ ಮಾತಾಡಿಸಿದಳು. ಬಿಸಿಲು ಏರುತ್ತಿತ್ತು. ಅಷ್ಟರಲ್ಲಿ ಊರಿನಲ್ಲಿ ಗುಡ್ಡೆ ಎತ್ತಿಬಿಟ್ಟಾರೆಂದು ಅವನ ಜೀವ ಬಾಯಿಗೆ ಬಂದಿತ್ತು.

ಕೊನೆಗೆ ತಡೆಯಲಾರದೆ ಕೇಳಿದ. "ಅತ್ತೆ, ನಮ್ಮೂರಾಗೆ ಗುಡ್ಡೆ ಮಾಂಸ ಯಾರಿಂದ ಶುರುವಾಯ್ತು?"

"ಇನ್ಯಾರಿಂದ್ಲಾ? ನಮ್ಮಪ್ಪನಿಂದ್ಲೇ. ನಿಮ್ ತಾತ ಲಕ್ಕಣ್ಣನಿಂದ. ಆಗ ನಂಗೆ ಎಂಟು ವರ್ಸ, ಕಣ್ಣಾರೆ ಕಂಡಿವ್ನಿ. ಅದೇನಾಯ್ತು ಅಂದ್ರೆ..."

"ಸಾಕು ಅತ್ತೆ, ಸಾಕು! ಮಿಕ್ಕಿದ್ದು ಅಲ್ಲೇ ಏಳು, ಎಲ್ರ ಮುಂದೆ!" ಎಂದು ಚಿಕ್ಕಬೈರಪ್ಪ ಎತ್ತುಗಳ ಬಾಲ ತಿರುವಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ವರ್ಷ ತನ್ನ ತಾತನ ಮರ್ಯಾದೆಯನ್ನು ಪಕ್ಕದ ಮನೆಯವರು ಸಾರು ಮಾಡಿ ಕುಡಿದರಲ್ಲ!

ಕೆರೆ ಏರಿಯ ಕೆಳಗೆ ಊರೆಲ್ಲ ಸೇರಿತ್ತು. ಅವನು ಬರಲಿಲ್ಲವೆಂದು ಮುನಿಕೆಂಪಮ್ಮನೇ ಎಲೆ ತಂದು ಹಾಸಿದ್ದಳು. ಗುಡ್ಡೆಗಳು ಎದ್ದಿದ್ದವು. ಮುನಿಶಾಮಪ್ಪ ತಲೆಗೆ ಕೈ ಹಾಕುತ್ತಿದ್ದ.

"ಮುಟ್ಬ್ಯಾಡ ಮುನಿಶಾಮಣ್ಣ!" ಎಂದು ಚಿಕ್ಕಬೈರಪ್ಪ ಗಾಡಿಯಿಂದಲೇ ಕೂಗಿದ. "ಇದನ್ನ ಶುರು ಮಾಡಿದ್ದು ನಮ್ ತಾತ ಲಕ್ಕಣ್ಣ. ಕಣ್ಣಾರೆ ಕಂಡೋರ್ನ ಕರ್ಕೊಂಡು ಬಂದಿವ್ನಿ. ಎಲ್ರೂ ಊರಮ್ಮನ ಮೇಲೆ ಆಣೆ ಮಾಡಿ, ನಮ್ಮತ್ತೆ ಏಳಿದ್ದೇ ಸರಿ ಅಂತ. ಮೇಷ್ಟ್ರೇ, ನೀವು ಪುಸ್ತಕ ತೆಗೀರಿ, ಒಂದಕ್ಸರ ಬುಡಬ್ಯಾಡಿ!"

ಜಗಳ ಇಲ್ಲದೆ ಬಾಡು ಬೇಗ ಮನೆ ಸೇರಲೆಂದು ಎಲ್ಲರೂ ಆಣೆ ಮಾಡಿದರು. ಮುನಿಶಾಮಪ್ಪನೂ ಮಾಡಿದ. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಪಟಾಲಮ್ಮ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡಳು.

"ಯುಗಾದಿ ದಿನ ಚಂದ್ರನ್ನ ನೋಡಕ್ಕೆ ಊರ್ಗೂರೇ ಕೆರೆ ಏರಿ ಹತ್ತಿತ್ತು. ನಮ್ಮಪ್ಪ ಒಬ್ಬ ಬರ್ಲಿಲ್ಲ, ಒಟ್ಟೆ ನೋವು ಅಂದ. ಬೆಳಗಾಗಿ ನೋಡಿದ್ರೆ ಪಿಳ್ಳಪ್ಪಣ್ಣನ ಕೊಟ್ಟಿಗೇಲಿ ಟಗರಿಲ್ಲ! ಹುಡುಕ್ಕೊಂಡು ಬಂದ್ರೆ ನಮ್ ಹಿತ್ಲಾಗೆ ನಮ್ಮಪ್ಪ ಟಗರು ಕಡ್ದು ಚರ್ಮ ಸುಲೀತಾ ಕುಂತವ್ನೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಚಿಕ್ಕಬೈರಪ್ಪ "ಅತ್ತೆ, ಬಿಸ್ಲು ಜಾಸ್ತಿ, ಮನೇಗೆ ಓಗಾನ" ಎಂದು ತೋಳು ಹಿಡಿದ. ಮುದುಕಿ ಕೊಡವಿಕೊಂಡಳು.

"ತಡಿಲಾ, ಮುಗ್ದಿಲ್ಲ! ನಮ್ಮಪ್ಪ ಇದು ನಂದೇ ಟಗರು ಅಂತ ವಾದ ಮಾಡ್ದ. ಪಿಳ್ಳಪ್ಪಣ್ಣ, ನನ್ ಟಗರಿಗೆ ಎಡಗಿವಿ ಹರ್ದದೆ, ತಲೆ ತೋರ್ಸು ಅಂದ. ಕಿವಿ ಹರ್ದೇ ಇತ್ತು. ಪಂಚಾಯ್ತಿ ಸೇರ್ತು. ಸತ್ತಿದ್ದು ಎದ್ದು ಬರ್ತದಾ? ಊರಿಗೆಲ್ಲ ಸಮ ಹಂಚಿ ಅಂದ್ರು. ಗುರ್ತು ಹಿಡ್ದವ್ನು ಅಂತ ತಲೆ, ಮೊದಲ್ನೇ ಗುಡ್ಡೆ ಪಿಳ್ಳಪ್ಪಣ್ಣನಿಗೆ. ಕದ್ದ ತಪ್ಪಿಗೆ ನಮ್ಮಪ್ಪ ಎಲೆ ಆಸ್ಬೇಕು, ಎಲ್ರೂ ಎತ್ಕೊಂಡ ಮೇಲೆ ಎತ್ಕೋಬೇಕು. ಮಕ್ಳು ಮೊಮ್ಮಕ್ಳ ಕಾಲಕ್ಕೂ."

"ಚಿರತೆ?" ಎಂದರು ಮೇಷ್ಟ್ರು ಬರೆಯುತ್ತಲೇ.

"ಯಾವ ಚಿರತೆ? ಪಿಳ್ಳಪ್ಪಣ್ಣ ನಾಯಿ ಬೊಗಳಿದ್ರೆ ಒಳೀಕ್ ಓಗೋನು. ಕಳ್ಳನ ಕತೆ ಏಳಿದ್ರೆ ನನ್ ಮದ್ವೆ ನಿಂತೋಯ್ತದೆ ಅಂತ ಊರೋರೇ ಸೇರಿ ಚಿರತೆ ಕಟ್ಟಿದ್ದು. ಪುಣ್ಯಾತ್ಮರು!"

ಹದಿನಾಲ್ಕು ಮನೆಯವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮುನಿಶಾಮಪ್ಪ, ಜೋಡಿ ಹುಲಿ ಕಳೆದುಕೊಂಡವನು! ಅವನು ಚಿಕ್ಕಬೈರಪ್ಪನ ಹೆಗಲ ಮೇಲೆ ಕೈ ಹಾಕಿ, "ಆಣೆ ಅಂದ್ರೆ ಆಣೆ ಬೈರಣ್ಣ. ಶುರು ಮಾಡಿದ್ದು ನಿಮ್ ತಾತನೇ. ಒಪ್ಕೊಂಡ್ವಿ" ಎಂದ. ಮೇಷ್ಟ್ರು ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡರು.

ಚಿಕ್ಕಬೈರಪ್ಪ ಎಲ್ಲರೂ ಹೋಗುವವರೆಗೆ ಕಾದು ಕೊನೆಯ ಗುಡ್ಡೆ ಎತ್ತಿಕೊಂಡು ಮನೆಗೆ ಬಂದ.

ಸಂಜೆ ಹಿತ್ತಲ ಗೋಡೆಯ ಮೇಲೆ ಕಂಚಿನ ಬಟ್ಟಲು ಕಾಣಿಸಿತು. ಅದರ ಹಿಂದೆ ಲಕ್ಷ್ಮಿದೇವಮ್ಮನ ಮುಖ.

"ಮುನಿಕೆಂಪಕ್ಕಾ, ಸಾರು ತಕೋ. ಈ ಸಲ ಎಡಗಿವಿ ನಿಮ್ಮನೆಗೇ ಕೊಡು ಅಂದ್ರು ನಮ್ಮೋರು. ಗುರ್ತಿಗೆ ಇರ್ಲಿ ಅಂತ."

ಮುನಿಕೆಂಪಮ್ಮ ಬಟ್ಟಲನ್ನು ಗಂಡನ ಮುಂದಿಟ್ಟಳು. ಸಾರಿನ ಮೇಲೆ ಕಿವಿ ತೇಲುತ್ತಿತ್ತು.

"ವರ್ಸೆಲ್ಲ ಇದೇ ಇನ್ನು" ಎಂದಳು.

ಚಿಕ್ಕಬೈರಪ್ಪ ಕಿವಿ ಅಗಿದ, ಸಾರು ಕುಡಿದ, ಬಟ್ಟಲು ಬಳಿದ. ಹೋದ ವರ್ಷಕ್ಕಿಂತ ರುಚಿಯಾಗಿತ್ತು. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ.